ಮೂರನೇ ಕಿಂಡಿ

ಪರಶುರಾಂಪುರದ ದಾರಿಯಲ್ಲಿ ವೇದಾವತಿಗೆ ಅಡ್ಡ
ಒಂದು ಸೇತುವೆ, ಸೇತುವೆಗೆ ಅಡ್ಡ ಒಂದು ಕಂಬ,
ಕಂಬಕ್ಕೆ ನಾನು.
ಹೊಳೆಯಲ್ಲಿ ನೀರು ಬರಲಿ ಬಿಡಲಿ
ಸೇತುವೆಗೆ ದುಡ್ಡು ಇಸಕೊಂಡವನು.

ಹನ್ನೊಂದು ವರ್ಷ ಮೂರನೇ ಕಿಂಡಿ.
ಕಾರಿಗೆ ಇಪ್ಪತ್ತು, ಲಾರಿಗೆ ಅರವತ್ತೈದು,
ಚಿಲ್ಲರೆ ಇಲ್ಲದಿದ್ದರೆ ಶೇಂಗಾ ಚಿಕ್ಕಿ.
ಕುರಿಗಿಲ್ಲ, ಎತ್ತಿನ ಗಾಡಿಗಿಲ್ಲ, ಹೆಣದ ಗಾಡಿಗಿಲ್ಲ,
"ನಾನ್ಯಾರು ಗೊತ್ತೇನೋ" ಅಂದವರಿಗೂ ಇಲ್ಲ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ.
ಗಾದೆ ಕಟ್ಟಿದವನು ನನ್ನ ಕಿಂಡಿಗೆ ಬಂದಿರಲಿಲ್ಲ.
ಎಲ್ಲರೂ ಹೇಳುತ್ತಿದ್ದರು, ಗಾಜು ಇಳಿಸಿದಷ್ಟು ಹೊತ್ತು:
ಹಿಂದಿನ ಸೀಟಿನಲ್ಲಿ ಹೆರಿಗೆ ನೋವು, ಎರಡು ಪಂಕ್ಚರ್,
ಮಂಡಿಯಲ್ಲಿ ಈರುಳ್ಳಿ ಕೇಳುವವರಿಲ್ಲ.
ನಾನು ಚೀಟಿ ಹರಿದು ಕೊಡುತ್ತಿದ್ದೆ.
ಹಿಂದಿನವನು ಹಾರನ್ ಬಾರಿಸುತ್ತಿದ್ದ.

ಸರ್ಕಾರ ಈ ಕಂಬವನ್ನು ಮೂರು ಸಲ ರದ್ದು ಮಾಡಿತು.

ಮೊದಲ ಸಲ ಓಟಿಗೆ ಮುಂಚೆ. ಬಾಳೆಕಂದು ಕಟ್ಟಿ
ಕಂಬಕ್ಕೇ ಹಾರ ಹಾಕಿ ಮೇಲೆತ್ತಿದರು.
ಹದಿನೇಳು ದಿನ ಅದು ಆಕಾಶ ತೋರಿಸುತ್ತ ನಿಂತಿತ್ತು;
ಹಾರ ಪೂರ್ತಿ ಒಣಗುವುದರೊಳಗೆ
ಗುತ್ತಿಗೆದಾರ ತಡೆಯಾಜ್ಞೆ ತಂದ.
ಎರಡನೇ ಸಲ ಸಮಿತಿ. ಮೂರು ಜೀಪು.
ಸೇತುವೆ ಮೇಲೆ ನಿಂತು ಕೆಳಗೆ ನೋಡಿದರು, ಎಳನೀರು ಕುಡಿದರು.
ವರದಿಯೂ ಈ ದಾರಿಯಲ್ಲೇ ಹೋಗಿರಬೇಕು,
ಸರ್ಕಾರಿ ಗಾಡಿ, ನಾನು ಲೆಕ್ಕ ಇಡಲಿಲ್ಲ.

ಮೂರನೆಯದಕ್ಕೆ ಮುಂಚೆ ಬಂದವರು ಕೊಟ್ರಬಸಪ್ಪ ಮೇಷ್ಟ್ರು.
ಹೊಂಗೆ ಮರದಡಿ ಟಿವಿಎಸ್ ನಿಲ್ಲಿಸಿ
ಚೌಕುಳಿ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತ ಕೂತರು.
ನಾಲ್ಕು ಗೀಟು, ಅಡ್ಡ ಒಂದು.
ಬೆಳಗ್ಗೆ ಆರರಿಂದ, ರೊಟ್ಟಿ ಬುತ್ತಿ ಕಟ್ಟಿಕೊಂಡು, ನಲವತ್ತು ದಿನ.
ನಮ್ಮ ಮ್ಯಾನೇಜರ್ ನೆರಳಿನ ಕೊಂಬೆ ಕಡಿಸಿದ;
ಅವರು ಕೊಡೆ ತಂದರು.

"ನಿಮ್ಮ ಗಾಡಿಗೆ ಟೋಲೇ ಇಲ್ಲವಲ್ಲ ಸಾರ್" ಅಂದೆ.
"ಗಾಡಿಗಿಲ್ಲ ಓಬಳೇಶ. ನಾ ತಿನ್ನೋ ಸೊಪ್ಪಿಗೈತೆ, ಸಿಮೆಂಟಿಗೈತೆ,
ಚಳ್ಳಕೆರೆ ಆಸ್ಪತ್ರೆಗೆ ಹೋಗೋ ಬಸ್ ಟಿಕೇಟಿಗೈತೆ.
ಇದೊಂದು ಸೇತುವೇನ ನಾವು ಎಷ್ಟು ಸಲ ಕೊಂಡ್ಕಂಡ್ವಿ,
ಅಷ್ಟು ಗೊತ್ತಾದ್ರೆ ಸಾಕು."

ರಾತ್ರಿ ಗಾಡಿಗಳ ಲೆಕ್ಕ ಅವರ ಬಳಿ ಇರಲಿಲ್ಲ.
ನನ್ನ ಬಳಿ ಇತ್ತು.
ಇಷ್ಟೇ ಹೇಳುತ್ತೇನೆ: ಆ ತಿಂಗಳು
ಅವರಿಗೆ ಚಿಕ್ಕಿ ಸುತ್ತಿ ಕೊಟ್ಟ ಕಾಗದ ಖಾಲಿ ಇರಲಿಲ್ಲ.

"ಕೂತ ಕೊಂಬೆ ಕಡಿತೀಯಲ್ಲ" ಅಂದಳು ಮಾರಕ್ಕ.
"ಕೊಂಬೆ ಕಡಿಸಿದ್ದು ಮ್ಯಾನೇಜರು" ಅಂದೆ. ಅವಳು ನಗಲಿಲ್ಲ.
ನನಗೂ ಮುದ್ದೆ ಇಳಿಯಲಿಲ್ಲ, ಸುಳ್ಳು ಯಾಕೆ.

ಸೇತುವೆಯ ಸಾಲ ಏಳನೇ ವರ್ಷಕ್ಕೇ ತೀರಿತ್ತು.
ಆಮೇಲಿನ ನಾಲ್ಕು ವರ್ಷ ನಾನು ಕೈ ಚಾಚಿದ್ದು
ಯಾವ ಕಲ್ಲಿಗೂ ಅಲ್ಲ, ಯಾವ ಕಬ್ಬಿಣಕ್ಕೂ ಅಲ್ಲ.

ನಿನ್ನೆ ರಾತ್ರಿ ಹನ್ನೆರಡಕ್ಕೆ ಆದೇಶ ಜಾರಿ.
ಬಾಳೆಕಂದು ಇಲ್ಲ, ಭಾಷಣ ಇಲ್ಲ.
ಮೇಷ್ಟ್ರಿಗೆ ಫೋನ್ ಮಾಡಿದೆ. ನಿದ್ದೆಗಣ್ಣಲ್ಲೇ
"ಬರವಣಿಗೆಯಲ್ಲಿ ಐತಾ? ಸೀಲು ನೋಡಿದ್ಯಾ?" ಅಂದರು.
ಸ್ವಿಚ್ಚು ಒತ್ತಿದೆ. ಕಂಬ ಅರ್ಧಕ್ಕೆ ಸಿಕ್ಕಿಕೊಂಡಿತು;
ಹಗ್ಗ ಹಾಕಿ ಎಳೆದು ಕಟ್ಟಿದೆ.

ಮೊದಲು ಬಂದದ್ದು ಶೇಂಗಾ ಲಾರಿ.
ನಿಲ್ಲಬೇಕಾಗಿರಲಿಲ್ಲ, ನಿಂತಿತು.
ರಾಮಾಂಜಿನಿಯ ಕೈ ಹೊರಗೆ, ಕೈಯಲ್ಲಿ ಮಡಚಿದ ನೋಟು.
"ಬೇಡ, ಹೋಗು."
"ಚೀಟಿ? ಸಾವ್ಕಾರ್ರಿಗೆ ತೋರಿಸ್ಬೇಕು."
"ಚೀಟಿಯೂ ಇಲ್ಲ."
ನೋಟು ಹಿಡಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು.
ಆಮೇಲೆ ಇಂಜಿನ್ ಆರಿಸಿದ.
"ನಿಂಗೊಂದು ಮಾತು ಹೇಳ್ಬೇಕು ಅಂತಿದ್ದೆ ಕಣಣ್ಣ,
ಭಾಳ ದಿನದಿಂದ."

ಹಿಂದೆ ಹಾರನ್ ಶುರುವಾಯಿತು.
ಕಿಂಡಿಯ ಬಾಗಿಲು ತೆಗೆದು ರಸ್ತೆಗೆ ಇಳಿದೆ.
"ಹೇಳು" ಅಂದೆ.